ಅಮ್ಮನ ಬಾಯಲ್ಲಿ ಎರಡು ಗಂಟೆಯ ಸೀರಿಯಲ್ಲು

ಸೀರಿಯಲ್ಲಿನಲ್ಲಿ ಯಾರೋ ಒಬ್ಬಳು ‘ನನಗೆಲ್ಲ ಗೊತ್ತಾಯಿತು’ ಎಂದ ಕೂಡಲೇ ಮನೆಯ ಹಾಲ್‌ನಲ್ಲಿ ನಿಂತವರೆಲ್ಲರ ಮುಖವನ್ನು ಸಾಲಾಗಿ, ಒಂದೊಂದನ್ನು ಮೂರು ಮೂರು ಸಲ, ಒಂದೊಂದಕ್ಕೂ ಒಂದೊಂದು ಗುಡುಗು ಹಾಕಿ ತೋರಿಸುತ್ತಾರಲ್ಲ, ಅದನ್ನು ಮೊದಲು ಕಂಡುಹಿಡಿದ ಮಹಾನುಭಾವ ಎಲ್ಲಾದರೂ ಸಿಕ್ಕರೆ ಅವನ ಕಿವಿಯ ಹತ್ತಿರ ಸ್ಟೀಲ್ ತಟ್ಟೆ ಬಡಿದು ಅವನ ಮುಖವನ್ನೂ ಮೂರು ಸಲ ನೋಡಬೇಕೆಂದು ನನಗೆ ಬಹಳ ದಿನದ ಆಸೆ. ಇದುವರೆಗೆ ಸಿಕ್ಕಿಲ್ಲ. ಸಿಕ್ಕರೂ ನಾನು ಬಡಿಯುವವನಲ್ಲ. ಅವನಿಗೆ ಬಿ.ಪಿ. ಇದ್ದರೆ ಏನು ಗತಿ ಎಂದು ಯೋಚಿಸುತ್ತಾ ತಟ್ಟೆಯನ್ನು ಕೆಳಗಿಟ್ಟುಬಿಡುವ ಪೈಕಿ.

ಹಾಗಂತ ನಾನು ಟೀವಿ, ಸಿನಿಮಾ ಬೇಡ ಎನ್ನುವ ಸಂನ್ಯಾಸಿಯೂ ಅಲ್ಲ. ದುಡ್ಡು ಕೊಟ್ಟು ಟಿಕೆಟ್ ತೆಗೆದು, ಪೂರ್ತಿ ಕೂತು ನೋಡಿ, ಆಮೇಲೆ ದಾರಿಯುದ್ದಕ್ಕೂ ಬೈದುಕೊಂಡು ಬರುವ ಅಭಿಮಾನಿ. ಗಡಿಗೆ ಅಂಟಿದ ತಮಿಳುನಾಡಿನ ಹೊಸೂರಿನ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದೆ. ಒಪ್ಪಿಗೆಯಾದ ಮಾದರಿ ಪೀಸೊಂದನ್ನು ಮೇಜಿನ ಮೇಲಿಟ್ಟುಕೊಂಡು, ಲೈನಿನಿಂದ ಬಂದ ಪೀಸುಗಳನ್ನು ಅದಕ್ಕೆ ಹೋಲಿಸುವುದು. ಸರಿಯಿದ್ದರೆ ಒಳಗೆ, ಇಲ್ಲದಿದ್ದರೆ ಕೆಂಪು ಬಣ್ಣ ಬಳಿದು ಹೊರಗೆ. ಅರ್ಧ ಆಯುಸ್ಸು ಇದನ್ನೇ ಮಾಡಿದವನು ಥಿಯೇಟರಿಗೆ ಹೋದರೂ ಕೈಯಲ್ಲಿ ಕೆಂಪು ಬಣ್ಣ ಇದ್ದೇ ಇರುತ್ತದೆ.

ಅದರಲ್ಲೂ ಹೊಸೂರಿನ ಕನ್ನಡದವನ ಗೋಳು ಬೇರೆ ಕಡೆಯವರಿಗೆ ತಿಳಿಯದು. ತಮಿಳು ಸಿನಿಮಾ ನಮ್ಮೂರಿನ ಥಿಯೇಟರಿಗೆ ಮೊದಲ ವಾರವೇ ಬಂದುಬಿಡುತ್ತದೆ. ನೋಡಿ, ನಕ್ಕು, ಅತ್ತು, ಮರೆತಿರುತ್ತೇವೆ. ವರ್ಷ ಕಳೆಯುವ ಹೊತ್ತಿಗೆ ಅದೇ ಕತೆ ಕನ್ನಡದಲ್ಲಿ ಬರುತ್ತದೆ. ಭಾಷೆಯ ಮೇಲಿನ ಅಭಿಮಾನಕ್ಕೆ ಜೂಜುವಾಡಿಯ ಲಾರಿಗಳ ಸಾಲಿನಲ್ಲಿ ಸಿಕ್ಕಿ ಹೊಗೆ ಕುಡಿದು, ಗಡಿ ದಾಟಿ ಅತ್ತಿಬೆಲೆಗೆ ಹೋಗಿ ಕೂತರೆ ಅದೇ ಮದುವೆ ಮಂಟಪ, ಅದೇ ಜಗಳ, ವಿಲನ್ ಅದೇ ಕಿಟಕಿಯ ಗಾಜು ಒಡೆದುಕೊಂಡು ಹೊರಗೆ ಬೀಳುತ್ತಾನೆ. ಪಕ್ಕದವನು ಗಾಜಿನ ಸದ್ದಿಗೆ ಬೆಚ್ಚಿಬಿದ್ದರೆ ನಾನು ಅದಕ್ಕೆ ಮೊದಲೇ ಕಿವಿ ಮುಚ್ಚಿಕೊಂಡಿರುತ್ತೇನೆ. ನಾಯಕನ ಶರ್ಟಿನ ಬಣ್ಣ ಬದಲಾಗಿದ್ದರೆ ಅದೇ ದೊಡ್ಡ ಸ್ವಂತಿಕೆ.

ಹಾಡಿನ ವಿಷಯ ಎತ್ತಲೇಬೇಡಿ. ಕೊಳಲು ಬರಬೇಕಾದ ಜಾಗದಲ್ಲಿ ಕೀಬೋರ್ಡಿನಿಂದ ಕುಕ್ಕರ್ ಕೂಗಿಸುತ್ತಾರೆ. ಹಾಡುವವರು ಬಾಯಿ ತುಂಬ ಎಲೆಯಡಿಕೆ ಇಟ್ಟುಕೊಂಡು, ಉಗುಳಲು ಜಾಗ ಹುಡುಕುತ್ತಿರುವವರಂತೆ ಹಾಡುತ್ತಾರೆ. ಇನ್ನು ಹಾಸ್ಯ. ಬೋಳು ತಲೆಯವನ ತಲೆಗೆ ಬಾರಿಸಿದರೆ ಹಾಸ್ಯ, ದಪ್ಪ ಹೆಂಗಸು ಕೂತು ಕುರ್ಚಿ ಮುರಿದರೆ ಹಾಸ್ಯ, ತೊದಲುವವನು ತೊದಲಿದರೆ ಹಾಸ್ಯ. ಈ ಕೊನೆಯದು ಬಂದಾಗ ಮೊದಲೆಲ್ಲ ಮುಖ ಗಂಟಿಕ್ಕಿ ಸುಮ್ಮನಾಗುತ್ತಿದ್ದೆ. ಅಮ್ಮನ ಮಾತು ಬಿದ್ದುಹೋದ ಮೇಲೆ ಎದ್ದು ಹೋಗಿ ಟೀವಿ ಆರಿಸತೊಡಗಿದೆ.

ಅಮ್ಮ ಮಾಲೂರಿನ ಕಡೆಯ ಹಳ್ಳಿಯಲ್ಲಿ ಅಣ್ಣನ ಮನೆಯಲ್ಲಿದ್ದಳು. ಅವಳ ಬಾಯಿ ಸುತ್ತಿನ ಊರಿಗೆಲ್ಲ ಗೊತ್ತಿದ್ದದ್ದು. ಕೈ ತೋರಿಸಿದರೂ ನಿಲ್ಲಿಸದೆ ಹೋದ ಬಸ್ಸಿನ ಕಂಡಕ್ಟರನಿಗೆ ಮಾರನೆಯ ದಿನ ಅವಳು ಮಾಡಿದ ಮಂಗಳಾರತಿಯ ಪರಿಣಾಮವಾಗಿ ಬಸ್ಸು ಮುಂದೆ ನಮ್ಮ ಮನೆ ಬಾಗಿಲಲ್ಲೇ ನಿಲ್ಲತೊಡಗಿತು. ಅಂಥವಳು ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ಕೊಡ ಕೈಬಿಟ್ಟು ಕುಸಿದಳು. ಹೊಸೂರಿಗೆ ತಂದು ನರ್ಸಿಂಗ್ ಹೋಮಿನಲ್ಲಿ ಸೇರಿಸಿದೆವು. ಕೈಕಾಲು ದೇವರ ದಯದಿಂದ ಬಹುಮಟ್ಟಿಗೆ ಸರಿಹೋದವು. ಮಾತು ಮಾತ್ರ ಬರಲಿಲ್ಲ. ತಲೆಯಲ್ಲಿ ಎಲ್ಲ ನೆಟ್ಟಗೇ ಇತ್ತು. ಲೋಟ ಎನ್ನುವ ಪದ ಸಿಗದೆ, ಲೋಟವನ್ನೇ ದುರುಗುಟ್ಟಿ ನೋಡುತ್ತಿದ್ದಳು, ಬೇಕೆಂದೇ ಅದು ತನ್ನ ಹೆಸರನ್ನು ಬಚ್ಚಿಟ್ಟುಕೊಂಡಿದೆಯೇನೋ ಎನ್ನುವಂತೆ.

ಡಾಕ್ಟರು ಹೇಳಿದ್ದು ಇಷ್ಟು. ದಿನಾ ಏನಾದರೂ ಒಂದು ವಿಷಯ ಅವರ ಬಾಯಲ್ಲಿ ಹೇಳಿಸಿ. ನೋಡಿದ್ದು, ಕೇಳಿದ್ದು, ಏನಾದರೂ ಸರಿ. ಬಿಟ್ಟರೆ ಮಾತು ಅಲ್ಲಿಗೇ ನಿಂತುಹೋಗುತ್ತದೆ.

ಅಮ್ಮನನ್ನು ಹೊಸೂರಿನ ಆಲಸನತ್ತಂನ ನಮ್ಮ ಮನೆಯಲ್ಲೇ ಇಟ್ಟುಕೊಂಡೆವು. ಹೆಂಡತಿ ಶಾಲೆಯ ಟೀಚರ್, ನಾನು ಕಾರ್ಖಾನೆ. ಹಗಲೆಲ್ಲ ಮನೆಯಲ್ಲಿ ಅಮ್ಮ ಒಬ್ಬಳೇ, ಪಕ್ಕದ ಮನೆಯ ತಮಿಳಿನ ಅಕ್ಕ ಆಗಾಗ ಬಂದು ನೋಡಿಕೊಂಡು ಹೋಗುತ್ತಿದ್ದರು. ಹಾಗಿರುವಾಗ ಅಮ್ಮ ನೋಡುವುದಾದರೂ ಏನಿತ್ತು, ಮಧ್ಯಾಹ್ನ ಎರಡು ಗಂಟೆಗೆ ಬರುವ ಕನ್ನಡ ಸೀರಿಯಲ್ ಬಿಟ್ಟು? ಸಂಜೆ ನಾನು ಬಂದು ಶೂ ಬಿಚ್ಚುತ್ತಾ ಕೇಳುವುದು, ಅವಳು ಹೇಳುವುದು. ಶುರುವಿನಲ್ಲಿ ‘ಅವಳು... ಅವಳು... ಅತ್ತಳು’ ಎನ್ನುವಷ್ಟಕ್ಕೆ ಕಾಫಿ ಆರಿಹೋಗಿರುತ್ತಿತ್ತು. ಬರಬರುತ್ತಾ ಎರಡು ವಾಕ್ಯ, ನಾಲ್ಕು ವಾಕ್ಯ. ನಾನು ಜೀವಮಾನವಿಡೀ ಬೈದ ವಸ್ತುವೇ ಅಮ್ಮನಿಗೆ ಔಷಧಿಯಾಗಿತ್ತು. ಅದಕ್ಕೂ ನನಗೆ ಸಿಟ್ಟೇ.

ಆದರೆ ಅಮ್ಮ ಹೇಳುತ್ತಿರುವುದು ಸರಿಯೋ ತಪ್ಪೋ ಎಂದು ನನಗೆ ತಿಳಿಯುವುದು ಹೇಗೆ? ಎರಡು ಗಂಟೆಗೆ ನಾನಿರುವುದು ಕಾರ್ಖಾನೆಯಲ್ಲಿ. ಇಲ್ಲಿ ಹೊಸೂರು ಕೈಹಿಡಿಯಿತು. ಆ ಕನ್ನಡ ಸೀರಿಯಲ್ಲು ತಮಿಳಿನದೊಂದರ ನಕಲು. ತಮಿಳಿನದು ಸಂಜೆ ಏಳೂವರೆಗೆ ನಮ್ಮ ಮನೆಯಲ್ಲೇ ಓಡುತ್ತಿತ್ತು, ಕತೆಯಲ್ಲಿ ಕನ್ನಡಕ್ಕಿಂತ ಹೆಚ್ಚುಕಡಿಮೆ ಒಂದು ವರ್ಷ ಮುಂದೆ. ನನ್ನ ಹೆಂಡತಿ ಹೊಸೂರಿನ ಹಳೆಯ ಮನೆತನದವಳು, ಓದಿದ್ದು ತಮಿಳಿನಲ್ಲಿ; ಅವಳು ನೋಡುತ್ತಿದ್ದಳು. ನಾನು ನೋಡುತ್ತಿರಲಿಲ್ಲ, ಪೇಪರ್ ಓದುತ್ತಿದ್ದೆ. ಪೇಪರಿನ ಮೇಲಂಚಿನಿಂದ ಕಣ್ಣಿಗೆ ಬಿದ್ದದ್ದಕ್ಕೆಲ್ಲ ನಾನು ಜವಾಬ್ದಾರನಲ್ಲ. ಹಾಗೆ ಬಿದ್ದದ್ದೆಲ್ಲ ತಲೆಯಲ್ಲಿ ಇತ್ತು. ಕಳುವಾದ ಸರ ಅಕ್ಕಿ ಡಬ್ಬದಲ್ಲಿ ಸಿಕ್ಕಿತು ಎಂದು ಅಮ್ಮ ತಡವರಿಸಿಕೊಂಡು ಹೇಳಿದರೆ, ಹೌದು, ತಮಿಳಿನಲ್ಲೂ ಅಕ್ಕಿ ಡಬ್ಬವೇ, ಪಾಸ್. ಅತ್ತೆ ಆಸ್ಪತ್ರೆಯಲ್ಲೂ ರೇಷ್ಮೆ ಸೀರೆ ಉಟ್ಟುಕೊಂಡೇ ಮಲಗಿದ್ದಳು ಎಂದರೆ, ಪಾಸ್. ಅಮ್ಮ ಒಂದು ದಿನವೂ ತಪ್ಪಲಿಲ್ಲ.

ಹಾಗಾಗಿಯೇ ಮುಂದೆ ಏನು ಬರಲಿದೆ ಎಂಬುದೂ ನನಗೆ ಗೊತ್ತಿತ್ತು. ಕತೆಯಲ್ಲಿ ಆ ಗಂಡ ಇನ್ನೊಬ್ಬಳನ್ನು ಮದುವೆಯಾಗಿ ಕರೆದುಕೊಂಡು ಬಂದು ಬಾಗಿಲಲ್ಲಿ ನಿಲ್ಲುತ್ತಾನೆ. ಮನೆಯ ಸೊಸೆ, ಅಂದರೆ ನಾಯಕಿ, ಕಣ್ಣೊರೆಸಿಕೊಂಡು ಒಳಗೆ ಹೋಗಿ ಆರತಿ ತಟ್ಟೆ ತಂದು, ಸವತಿಗೆ ತಾನೇ ಆರತಿ ಎತ್ತಿ, ಬಲಗಾಲಿಟ್ಟು ಬಾ ಎಂದು ಕರೆಯುತ್ತಾಳೆ. ಹಿಂದೆ ಹಾಡು, ಅವಳು ಹೆಣ್ಣಲ್ಲ ದೇವತೆ ಎಂಬ ಅರ್ಥದ್ದು. ತಮಿಳಿನಲ್ಲಿ ಅದು ಬಂದ ದಿನ ನಾನು ಪೇಪರ್ ಬಿಸಾಡಿ ಎದ್ದುನಿಂತು ಬೈದಿದ್ದೆ. ಇದನ್ನು ಬರೆದವನ ಮನೆಯ ಬಾಗಿಲಲ್ಲಿ ಅವನ ಅಳಿಯ ಹೀಗೆ ಬಂದು ನಿಂತರೆ ಇವನು ಮಗಳ ಕೈಗೆ ತಟ್ಟೆ ಕೊಡುತ್ತಾನೆಯೇ ಎಂದು ಕೇಳಿದ್ದೆ. ಹೆಂಡತಿ ಟೀವಿಯಿಂದ ಕಣ್ಣು ತೆಗೆಯದೆ ಅಂದಿದ್ದಳು:

“ನೀವು ಪೇಪರ್ ತಾನೇ ಓದ್ತಿದ್ದಿದ್ದು?”

ಈಗ ಕನ್ನಡದಲ್ಲಿ ಆ ತಟ್ಟೆ ಹತ್ತಿರ ಬರುತ್ತಿತ್ತು. ನಾನು ಚಿಂತೆಗೆ ಬಿದ್ದೆ. ಇದನ್ನು ನೋಡಿ ಅಮ್ಮನ ರಕ್ತ ಕುದಿದು ಇನ್ನೊಂದು ಸಲ ಲಕ್ವ ಹೊಡೆದರೆ? ಬಿ.ಪಿ. ನೋಡುವ ಮಷೀನ್ ಕೊಂಡುತಂದೆ. ಅದರಲ್ಲಿ ಮೊದಲು ನನ್ನದನ್ನೇ ನೋಡಿಕೊಂಡು, ಮಷೀನ್ ಕೆಟ್ಟಿದೆ ಎಂದು ತೀರ್ಮಾನಿಸಿದೆ. ಕೇಬಲ್ಲಿನವನನ್ನು ಹಿಡಿದು ಆ ಚಾನೆಲ್ಲನ್ನು ಒಂದು ವಾರದ ಮಟ್ಟಿಗೆ ಕೆಡಿಸಲು ಆಗುತ್ತದೆಯೇ ಎಂದು ಕೇಳಿದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಹಾಗೇನಾದರೂ ಮಾಡಿದರೆ ಈ ಏರಿಯಾದ ಹೆಂಗಸರು ತನ್ನನ್ನು ತನ್ನದೇ ವೈರಿನಲ್ಲಿ ಕಂಬಕ್ಕೆ ಕಟ್ಟುತ್ತಾರೆ ಎಂದು ಕನ್ನಡ, ತಮಿಳು, ತೆಲುಗು ಮೂರರಲ್ಲೂ ಹೇಳಿ ಹೋದ.

ಶುಕ್ರವಾರ ಅಮ್ಮ ಹೇಳಿದ ಕತೆ ಬಾಗಿಲಲ್ಲಿ ಕಾರು ನಿಂತಲ್ಲಿಗೆ ಮುಗಿದಿತ್ತು. ಸೋಮವಾರ ಸಂಜೆ ನಾನು ಎದೆ ಗಟ್ಟಿ ಮಾಡಿಕೊಂಡು ಬಂದು ಕೂತೆ. ಅಮ್ಮ ಆರಾಮಾಗಿ ಅವರೆಕಾಯಿ ಸುಲಿಯುತ್ತಿದ್ದಳು. ಏನಾಯಿತಮ್ಮಾ ಎಂದೆ.

“ಆರ್ತಿ ತಟ್ಟೆ ತಕಂಡು ಬಂದ್ಳು. ಹೊಸ್ಲಾಗೆ ನಿಂತ್ಕಂಡ್ಳು. ಆ ಹೊಸ ಹುಡ್ಗಿ ಮೊಕ ನೋಡಿ, ನಿನ್ ಮ್ಯಾಲೆ ನಂಗ್ಯಾಕವ್ವ ಸಿಟ್ಟು, ನಾಳೀಕೆ ನಿಂಗೂ ಹಿಂಗೇ ಮಾಡ್ತಾನೆ ಇವ್ನು ಅಂದ್ಳು. ಆರ್ತಿ ನೀರ್ನ ಗಂಡನ್ ಮೊಕುಕ್ಕೆ ಎರ್ಚಿದ್ಳು. ತಟ್ಟೆ ಅಲ್ಲೇ ಬಿಸಾಕಿ ಬಸ್ ಸ್ಟ್ಯಾಂಡಿಗೆ ಹೊಂಟೋದ್ಳು.”

ನನ್ನ ಕೈಯಲ್ಲಿದ್ದ ಶೂ ಅಲ್ಲೇ ಉಳಿಯಿತು. ನೀರು ಎರಚುವುದು ತಮಿಳಿನಲ್ಲಿ ಇರಲಿಲ್ಲ. ಬಸ್ ಸ್ಟ್ಯಾಂಡ್ ಅಂತೂ ಇರಲೇ ಇಲ್ಲ. ಆ ಸೀರಿಯಲ್ಲಿನಲ್ಲಿ ಕೆಲಸದವಳು ಕೂಡ ಕಾರಿನಲ್ಲಿ ಓಡಾಡುತ್ತಾಳೆ. ಅಡುಗೆಮನೆಗೆ ಹೋಗಿ ಹೆಂಡತಿಗೆ ಪಿಸುಗುಟ್ಟಿದೆ. ಕನ್ನಡದವರು ಬದಲಾಯಿಸಿರುತ್ತಾರೆ ಬಿಡಿ ಎಂದಳು ಅವಳು. ನನಗೆ ಉರಿದುಹೋಯಿತು. ಗೋಡೆಯ ಬಣ್ಣ, ಸೋಫಾದ ಕವರು ಸಮೇತ ನಕಲು ಹೊಡೆಯುವ ಜನ, ಅತ್ತೆಯ ಮೂಗುತಿ ಎಡಕ್ಕಿದ್ದರೆ ಎಡಕ್ಕೇ ಇಡುವ ಜನ, ಕತೆ ಬದಲಾಯಿಸುತ್ತಾರೆಯೇ? ಅಷ್ಟು ಬುದ್ಧಿಯಿದ್ದಿದ್ದರೆ ನಾನು ಇಷ್ಟು ವರ್ಷ ಯಾಕೆ ಬೈಯುತ್ತಿದ್ದೆ?

ಮಂಗಳವಾರ ಇನ್ನೂ ಕೆಟ್ಟಿತು. ಬಸ್ಸು ಹತ್ತಿದ ನಾಯಕಿ ಜೂಜುವಾಡಿಯ ಚೆಕ್‌ಪೋಸ್ಟಿನ ಹತ್ತಿರ ಇಳಿದು, ಲಾರಿಯವರಿಗೆ ಊಟ ಹಾಕುವ ಒಂದು ಮೆಸ್ ಶುರು ಮಾಡಿದ್ದಾಳೆ ಎಂದಳು ಅಮ್ಮ. ಮುದ್ದೆ, ಹುರುಳಿಕಾಳಿನ ಸಾರು. ಡ್ರೈವರುಗಳು ಸಾಲುಗಟ್ಟಿ ನಿಂತಿದ್ದಾರೆ. ಅವಳೇ ಬಡಿಸುತ್ತಾಳೆ, ಅವಳೇ ಗಲ್ಲಾದಲ್ಲಿ ಕೂರುತ್ತಾಳೆ.

ಆ ಸೀರಿಯಲ್ಲಿನವರಿಗೆ ಜೂಜುವಾಡಿ ಎಲ್ಲಿದೆ ಎಂದು ಗೊತ್ತೇ? ಅದರಲ್ಲಿ ಯಾರಾದರೂ ಒಂದು ತುತ್ತು ಮುದ್ದೆ ನುಂಗಿದ್ದನ್ನು ಯಾರಾದರೂ ಕಂಡಿದ್ದೀರಾ? ಡೈನಿಂಗ್ ಟೇಬಲ್ಲಿನ ಮುಂದೆ ಕೂತು, ಚಪಾತಿಗೆ ಕೈ ಹಾಕುವ ಮೊದಲೇ ಅವಮಾನವಾಗಿ ಎದ್ದುಹೋಗುವವರೇ ಎಲ್ಲರೂ. ಇಲ್ಲ, ಇದು ಟೀವಿಯಲ್ಲಿ ಬಂದದ್ದಲ್ಲ. ಅಮ್ಮ ಇಲ್ಲದ್ದನ್ನು ಕಾಣುತ್ತಿದ್ದಾಳೆ. ತಲೆಯೊಳಗೆ ಮತ್ತೆ ಏನೋ ಆಗಿದೆ, ನಮಗೆ ಗೊತ್ತಾಗದಂತೆ ಮೆಲ್ಲಗೆ ಆಗಿದೆ. ಬುಧವಾರ ಬೆಳಿಗ್ಗೆ ಡಾಕ್ಟರಿಗೆ ಫೋನ್ ಮಾಡಿದರೆ ಮಾರನೆಯ ದಿನ ಕರೆದುಕೊಂಡು ಬನ್ನಿ ಎಂದರು. ಅಲ್ಲಿಯವರೆಗೆ ತಡೆಯಲಾರದೆ, ಕಾರ್ಖಾನೆಯಲ್ಲಿ ಪರ್ಮಿಷನ್ ಕೇಳಿ ಮಧ್ಯಾಹ್ನವೇ ಮೊಪೆಡ್ ಹತ್ತಿದೆ. ಎರಡು ಗಂಟೆಗೆ ಅಮ್ಮನ ಪಕ್ಕದಲ್ಲಿ ಕೂತು, ಟೀವಿಯಲ್ಲಿ ಏನು ಬರುತ್ತದೆ, ಅವಳು ಏನು ನೋಡುತ್ತಾಳೆ, ಎರಡನ್ನೂ ಕಣ್ಣಾರೆ ನೋಡಿಬಿಡುವುದು. ಡಾಕ್ಟರು ಕೇಳಿದರೆ ಖಚಿತವಾಗಿ ಹೇಳಬೇಕಲ್ಲ.

ಹೊಸೂರಿನ ಟ್ರಾಫಿಕ್ಕಿನಲ್ಲಿ ಸಿಕ್ಕಿ ಸ್ವಲ್ಪ ತಡವಾಯಿತು. ಗೇಟಿನ ಹತ್ತಿರ ಮೊಪೆಡ್ ನಿಲ್ಲಿಸಿದರೆ ಒಳಗಿನಿಂದ ಟೀವಿಯ ಸದ್ದೇ ಇಲ್ಲ. ವರಾಂಡದಲ್ಲಿ ಅಮ್ಮ ಬೀಸಣಿಗೆ ಹಿಡಿದು ಕುರ್ಚಿಯಲ್ಲಿ ಕೂತಿದ್ದಾಳೆ. ಅವಳ ಎದುರು ಮೆಟ್ಟಿಲ ಮೇಲೆ ಪಕ್ಕದ ಮನೆಯ ಅಕ್ಕ. ಅಮ್ಮ ಏನೋ ಹೇಳುತ್ತಿದ್ದಾಳೆ, ಬೀಸಣಿಗೆಯನ್ನು ಸೌಟಿನಂತೆ ಆಡಿಸುತ್ತಾ. ಅಕ್ಕ ಬಾಯಿಗೆ ಸೆರಗು ಹಿಡಿದು ನಗುತ್ತಾ “ಅಪ್ಪುರಂ, ಅಪ್ಪುರಂ?” ಎನ್ನುತ್ತಿದ್ದಾರೆ. ಆಮೇಲೇನಾಯಿತು ಎಂದು.

ನಾನು ಒಳಗೆ ಬಂದದ್ದನ್ನು ಕಂಡು ಅಮ್ಮ ಬೀಸಣಿಗೆ ಕೆಳಗಿಳಿಸಿದಳು. ಟೀವಿ ಯಾಕೆ ಹಾಕಿಲ್ಲ ಎಂದು ಕೇಳಿದೆ.

“ಕರೆಂಟೆಲ್ಲಿದೆ ತಂಬಿ?” ಎಂದರು ಅಕ್ಕ. “ಸೋಮವಾರದಿಂದ ನಮ್ ಬೀದಿಗೆ ಎರಡರಿಂದ ನಾಲ್ಕು ಗಂಟೆ ಕರೆಂಟ್ ಕಟ್. ನಿಮಗ್ ತೆರಿಯಾದಾ?”

ನನಗೆ ಹೇಗೆ ಗೊತ್ತಿರಬೇಕು? ಆ ವರ್ಷಗಳಲ್ಲಿ ದಿನಾ ಕರೆಂಟು ತೆಗೆಯುತ್ತಿದ್ದರು, ಆಗಾಗ ಹೊತ್ತು ಬದಲಾಯಿಸುತ್ತಿದ್ದರು. ಅಲ್ಲಿಯವರೆಗೆ ನಮ್ಮ ಬೀದಿಯ ಪಾಳಿ ಬೆಳಿಗ್ಗೆ ಇತ್ತು. ಹೆಂಡತಿ ಶಾಲೆಯಿಂದ ಬರುವ ಹೊತ್ತಿಗೆ ಕರೆಂಟು ಬಂದಿರುತ್ತಿತ್ತು. ಕಾರ್ಖಾನೆಗೆ ಸ್ವಂತ ಜನರೇಟರ್. ಹೋದದ್ದೂ ಬಂದದ್ದೂ ನಮಗೆ ತಿಳಿಯುತ್ತಿರಲಿಲ್ಲ. ಅಂದರೆ ಸೋಮವಾರದಿಂದ ಅಮ್ಮ ಆ ಸೀರಿಯಲ್ಲನ್ನು ನೋಡಿಯೇ ಇಲ್ಲ.

ಬಂದ ಸಿಟ್ಟು ಇಷ್ಟಿಷ್ಟಲ್ಲ. ಇಲ್ಲದ ರೋಗಕ್ಕೆ ಎರಡು ದಿನ ಅನ್ನ ಸೇರದೆ ಒದ್ದಾಡಿದವನು ನಾನು. ದನಿ ಸ್ವಲ್ಪ ಏರಿಯೇ ಇತ್ತು.

“ನೋಡ್ದೇ ಇರೋದ್ನ ನೋಡ್ದೆ ಅಂತ ಯಾಕಮ್ಮ ಹೇಳ್ದೆ? ನಿನ್ ತಲೆಗೇನೋ ಆಯ್ತು ಅಂತ ನಾನು ಸತ್ತೋಗಿದ್ದೆ.”

“ನಾನು ತಾನೇ ತಮಿಳಿನ ಕತೆ ಮೊದಲೇ ಹೇಳಿಬಿಟ್ಟೆ, ಸವತಿಗೆ ಆರತಿ ಎತ್ತುತ್ತಾಳೆ ಅಂತ,” ಎಂದು ಅಕ್ಕ ತಪ್ಪನ್ನು ತಮ್ಮ ಮೇಲೆ ಹಾಕಿಕೊಳ್ಳಲು ನೋಡಿದರು. ಅಮ್ಮ ಬೀಸಣಿಗೆಯಿಂದ ಅವರನ್ನು ಸುಮ್ಮನಿರಿಸಿದಳು.

“ನಾನೇನ್ ನೋಡ್ದೆ ಅಂತ ಅಂದಿದ್ನೇನ್ಲಾ? ಏನಾಯ್ತು ಅಂದೆ, ಏನಾಗ್ಬೇಕೋ ಅದ್ನ ಹೇಳ್ದೆ. ಬಾಯಿ ಬಿದ್ದೋಗಿತ್ತು ಕಣ್ಲಾ ನಂಗೆ. ಒಂದೊಂದು ಮಾತೂ ಕತ್ಲಾಗೆ ತಡಕಾಡಿ ತಡಕಾಡಿ ವಾಪಸ್ ತಂದಿವ್ನಿ. ತಂದು? ಗಂಡ ಇನ್ನೊಬ್ಳನ್ನ ಕರ್ಕೊಂಡು ಬಂದ, ಇವ್ಳು ಆರ್ತಿ ಎತ್ತಿದ್ಳು ಅಂತ ಹೇಳ್ಲಾ? ಅದ್ಕಾ ನಂಗೆ ಮಾತು ಬಂದಿರೋದು? ಆ ಬರ್ದಿರೋ ನನ್ಮಗಂಗೆ ಅವ್ವ ಇಲ್ವಾ, ಅಕ್ಕತಂಗೀರು ಇಲ್ವಾ? ಅವ್ನು ಹೊಲ್ಸು ಬರ್ದವ್ನೆ, ಇವ್ರು ಕಣ್ಣೀರ್ ಹಾಕ್ಕೊಂಡು ನೋಡ್ತಾರೆ, ನೀನು ಬ್ಯಾರೆ ಡ್ಯೂಟಿ ಬಿಟ್ಟು ಬಂದಿದೀಯ, ಅವ್ವ ಹೊಲ್ಸು ಸರಿಯಾಗಿ ಒಪ್ಪುಸ್ತಾಳಾ ಇಲ್ವಾ ಅಂತ ತಾಳೆ ನೋಡಕ್ಕೆ. ದೊಡ್ಡ ಇನ್‌ಸ್ಪೆಕ್ಟ್ರು.”

ಅಮ್ಮ ಅಲ್ಲಿಗೆ ನಿಲ್ಲಿಸಲಿಲ್ಲ. ನನ್ನ ಮೊಪೆಡ್ಡು, ನನ್ನ ಬಿ.ಪಿ. ಮಷೀನು, ಕೇಬಲ್ಲಿನವನ ಹತ್ತಿರ ನಾನು ಆಡಿದ ಮಾತು (ಅವನು ಬಂದು ಹೇಳಿಬಿಟ್ಟಿದ್ದ), ಹುಟ್ಟಿದಾಗಿನಿಂದ ನನಗಿರುವ ಪುಕ್ಕಲುತನ, ಎಲ್ಲವೂ ಒಂದಾದ ಮೇಲೊಂದು ಬಂದವು. ಕಂಡಕ್ಟರನಿಗೆ ಬಿದ್ದದ್ದು ಏನಿರಬಹುದೆಂದು ಅವತ್ತು ನನಗೆ ಪೂರ್ತಿ ಅರ್ಥವಾಯಿತು. ಎಲ್ಲೂ ಒಂದು ಪದಕ್ಕೆ ಅವಳು ತಡೆಯಲಿಲ್ಲ, ಹುಡುಕಲಿಲ್ಲ. ಯೋಚಿಸಿದರೆ ಸೋಮವಾರ ಅವರೆಕಾಯಿ ಸುಲಿಯುತ್ತಾ ಹೇಳಿದಾಗಲೂ ತಡೆದಿರಲಿಲ್ಲ. ಮಂಗಳವಾರವೂ ಇಲ್ಲ. ಮಾತು ಬಂತೇ ಇಲ್ಲವೇ ಎಂದು ತಿಂಗಳುಗಟ್ಟಲೆ ಕಿವಿಗೊಟ್ಟು ಕೂತಿದ್ದ ನನಗೆ, ಬಂದ ದಿನ ಕೇಳಿಸಿದ್ದು ಕತೆಯಲ್ಲಿನ ತಪ್ಪು ಮಾತ್ರ. ಇಂಥ ಕಿವಿಯನ್ನು ಹೊತ್ತುಕೊಂಡು ನಾನು ಸಂಗೀತದ ಬಗ್ಗೆ ಅಭಿಪ್ರಾಯ ಹೇಳುತ್ತಾ ಊರೆಲ್ಲ ತಿರುಗುತ್ತೇನೆ.

ಅಷ್ಟರಲ್ಲಿ ಏನಾಯಿತೋ, ಹೊತ್ತಿಗೆ ಮೊದಲೇ ಕರೆಂಟು ಬಂತು. ಒಳಗೆ ಆರಿಸದೆ ಬಿಟ್ಟಿದ್ದ ಟೀವಿ ಪೂರ್ತಿ ದನಿಯಲ್ಲಿ ಒದರಿಕೊಂಡಿತು. ಮೂರು ಗುಡುಗು. ಆಮೇಲೆ ಆ ದೇವತೆಯ ಹಾಡು.

“ಅದ್ನ ಆರ್ಸು ಮೊದ್ಲು,” ಎಂದಳು ಅಮ್ಮ.

ಒಳಗೆ ಹೋದೆ. ಪರದೆಯ ಮೇಲೆ ನಾಯಕಿ ಇನ್ನೂ ಹೊಸಲಿನಲ್ಲೇ ನಿಂತಿದ್ದಳು, ಕೈಯಲ್ಲಿ ಅದೇ ತಟ್ಟೆ. ಸೋಮವಾರ ಎತ್ತಿದ ಆರತಿಯನ್ನು ಬುಧವಾರವೂ ಇಳಿಸಿರಲಿಲ್ಲ ಆ ಪಾಪಿಗಳು. ಗಂಡನ ಮುಖ ಒಂದು ಸಲ, ಎರಡು ಸಲ. ಮೂರನೆಯ ಸಲ ಬರುವ ಮೊದಲು ಪ್ಲಗ್ಗನ್ನೇ ಕಿತ್ತೆ. ಡಾಕ್ಟರಿಗೆ ಫೋನ್ ಮಾಡಿ ನಾಳೆ ಬರುವುದಿಲ್ಲ ಎನ್ನಬೇಕು, ಕಾರ್ಖಾನೆಗೆ ವಾಪಸ್ ಓಡಬೇಕು ಎಂದು ತಲೆಯಲ್ಲಿ ಓಡುತ್ತಿತ್ತು. ಕಾಲು ಮಾತ್ರ ಕಿಟಕಿಯ ಹತ್ತಿರ ನಿಂತಿತು. ಹೊರಗೆ ಅಕ್ಕ ಮತ್ತೆ ಅಪ್ಪುರಂ ಎಂದರು.

“ಆಮ್ಯಾಕೆ ಇನ್ನೇನು,” ಎಂದಳು ಅಮ್ಮ, “ಒಂದಿನ ಮಟಮಟ ಮಧ್ಯಾಹ್ನ ಗಂಡ ಬಂದ. ಹಸ್ಕೊಂಡು ಬಂದವ್ನೆ, ಬಟ್ಟೆ ನೋಡಕ್ಕಾಗಲ್ಲ. ಸೀದಾ ಗಲ್ಲಾ ತಾವಕ್ಕೆ ಬಂದು, ನಾನು ಕಣಮ್ಮಿ ಅಂದ. ಇವ್ಳು ತಲೆ ಎತ್ತಿ ನೋಡ್ನಿಲ್ಲ. ಟೋಕನ್ ತಕಂಡು ಸಾಲ್ನಾಗೆ ನಿಂತ್ಕೊಳಯ್ಯ ಅಂದ್ಳು.”